ಬಾಲಿಯಲ್ಲಿ ಸಿಕ್ಕವನಿಗೆ ಮಂಡ್ಯದ ವಿಳಾಸ!

2015ರ ಅಕ್ಟೋಬರ್ 25. ಇಂಡೋನೇಷ್ಯಾದ ಬಾಲಿ ವಿಮಾನ ನಿಲ್ದಾಣ. ಸಿಡ್ನಿಯಿಂದ ಬಂದಿಳಿದ ಭಾರತೀಯನೊಬ್ಬನನ್ನು ಅಲ್ಲಿನ ಪೊಲೀಸರು ತಡೆದು ನಿಲ್ಲಿಸಿದರು. ಪಾಸ್‌ಪೋರ್ಟಿನಲ್ಲಿದ್ದ ಹೆಸರು ಮೋಹನ್ ಕುಮಾರ್. ಅಸಲಿ ಹೆಸರು ರಾಜೇಂದ್ರ ಸದಾಶಿವ ನಿಕಾಳಜೆ ಉರುಫ್ ಛೋಟಾ ರಾಜನ್. ದಾವೂದ್ ಇಬ್ರಾಹಿಮನ ಹಳೇ ಬಲಗೈ, ಆಮೇಲೆ ಅವನ ಬದ್ಧ ವೈರಿ. ಇಷ್ಟು ದೇಶಕ್ಕೆಲ್ಲ ಗೊತ್ತಿತ್ತು. ಆದರೆ ಆ ಪಾಸ್‌ಪೋರ್ಟಿನ ಜಾತಕ ಬಿಚ್ಚಿದಾಗ ಹೊರಬಿದ್ದ ವಿಳಾಸ ಯಾವುದು? ಹಳೇ ಎಂ.ಸಿ. ರಸ್ತೆ, ಆಜಾದ್ ನಗರ, ಮಂಡ್ಯ!

ಕಬ್ಬು, ಬೆಲ್ಲ, ಕಾವೇರಿ ಎಂದು ಹೆಸರಾದ ಜಿಲ್ಲೆಗೆ ಇದೊಂದು ಹೊಸ ಬಿರುದು. ಬಸ್ ಸ್ಟ್ಯಾಂಡಿನ ಟೀ ಅಂಗಡಿಗಳಲ್ಲಿ ಜನ ನಕ್ಕರು. ‘ಅಣ್ಣಾ, ಆವಯ್ಯ ನಮ್ಮೂರೋನಂತೆ ಕಣಣ್ಣೋ’ ಎಂದು ತಮಾಷೆ ಮಾಡಿದರು. ತಮಾಷೆಯ ಕೆಳಗೆ ಇದ್ದ ಸಂಗತಿ ಮಾತ್ರ ತಮಾಷೆಯದಲ್ಲ. ಆ ಹೆಸರಿನ ಮೊದಲ ಪಾಸ್‌ಪೋರ್ಟು ಬೆಂಗಳೂರಿನ ಕಚೇರಿಯಿಂದ ಹೊರಟದ್ದು 1998-99ರಲ್ಲಿ. ಅದನ್ನೇ ಬುನಾದಿ ಮಾಡಿಕೊಂಡು ಮುಂದೆ ಜಿಂಬಾಬ್ವೆಯ ಹರಾರೆಯಲ್ಲಿ ಒಂದು, 2008ರಲ್ಲಿ ಸಿಡ್ನಿಯಲ್ಲಿ ಮತ್ತೊಂದು ಸಿಕ್ಕಿತು. ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಒಬ್ಬ ಪಾತಕಿ ಮಂಡ್ಯದವನೆಂಬ ಕಾಗದ ಹಿಡಿದು ಖಂಡಾಂತರ ಓಡಾಡಿದ. 2017ರ ಏಪ್ರಿಲ್‌ನಲ್ಲಿ ದೆಹಲಿಯ ಸಿ.ಬಿ.ಐ. ವಿಶೇಷ ನ್ಯಾಯಾಲಯ ಅವನಿಗೂ, ಆಗ ಪಾಸ್‌ಪೋರ್ಟ್ ಕಚೇರಿಯಲ್ಲಿದ್ದ ಮೂವರಿಗೂ ಏಳೇಳು ವರ್ಷ ಶಿಕ್ಷೆ ಕೊಟ್ಟಿತು. ಅವನ ಬೆನ್ನಿಗೆ ನಮ್ಮದೇ ಗುಪ್ತಚರರ ಕೃಪೆ ಇತ್ತೆಂಬ ಮಾತೂ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬಂದು ಹೋಯಿತು. ಇರಲಿ, ಅದು ದೊಡ್ಡವರ ವಿಷಯ.

ಇಲ್ಲಿ ಹೇಳಬೇಕಾದದ್ದು ಈ ಮಹಾಶಯ ಕೊಲ್ಲಿಸಿದ ಒಬ್ಬ ವರದಿಗಾರನ ಕಥೆ. ಯಾಕೆಂದರೆ ಅವರ ಬದುಕಿನಲ್ಲೂ ಸಾವಿನಲ್ಲೂ ನಮ್ಮ ನಾಲ್ಕು ತಾಲ್ಲೂಕಿನ ಪೆನ್ನು ಹಿಡಿದವರು ನೋಡಬೇಕಾದ ಸಂಗತಿಗಳು ಬಹಳ ಇವೆ.

ಜ್ಯೋತಿರ್ಮಯ್ ಡೇ. ಜೆ. ಡೇ ಎಂದೇ ಮುಂಬೈಗೆ ಪರಿಚಯ. ಕೊಲೆಯಾದಾಗ ‘ಮಿಡ್ ಡೇ’ ಪತ್ರಿಕೆಯಲ್ಲಿ ತನಿಖಾ ವಿಭಾಗದ ಸಂಪಾದಕ. ಅದಕ್ಕೆ ಮುಂಚೆ ಇಂಡಿಯನ್ ಎಕ್ಸ್‌ಪ್ರೆಸ್, ಹಿಂದೂಸ್ತಾನ್ ಟೈಮ್ಸ್. ಆರಂಭದಲ್ಲಿ ಈ ಮನುಷ್ಯ ಬರೆಯುತ್ತಿದ್ದದ್ದು ರೌಡಿಗಳ ಬಗ್ಗೆ ಅಲ್ಲ, ಕಾಡಿನ ಬಗ್ಗೆ. ಬೋರಿವಲಿ ಅರಣ್ಯ, ಅದರ ಒತ್ತುವರಿ, ಅಲ್ಲಿನ ಪ್ರಾಣಿಗಳು. ಕಾಡು ನುಂಗುವವರ ಹಿಂದೆ ಹೋದರೆ ಊರು ನುಂಗುವವರು ಸಿಗುವುದು ಸಹಜವೇ. ಅಲ್ಲಿಂದ ಭೂಗತ ಲೋಕ, ಆಮೇಲೆ ತೈಲ ಮಾಫಿಯಾ. ಎರಡು ಪುಸ್ತಕ ಬರೆದರು. ಒಂದು ‘ಖಲ್ಲಾಸ್’. ಇನ್ನೊಂದು 2010ರಲ್ಲಿ ಬಂದ ‘ಜೀರೋ ಡಯಲ್’. ಈ ಎರಡನೆಯದು ಪೂರ್ತಿ ಬಾತ್ಮೀದಾರರ ಕುರಿತದ್ದು. ಪೊಲೀಸರಿಗೆ ಸುದ್ದಿ ಮುಟ್ಟಿಸಿ ಹೊಟ್ಟೆ ಹೊರೆಯುವವರು, ಎರಡೂ ಕಡೆಗೆ ಬೇಕಾದವರು, ಎರಡೂ ಕಡೆಯವರಿಂದ ಸಾಯುವವರು. ಮುಂಬೈ ಭಾಷೆಯಲ್ಲಿ ಖಬ್ರಿಗಳು.

ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಓದುಗರಿಗೆ ಮುಂಬೈ ಎಂದರೆ ದೂರದ ಊರಲ್ಲ. ಹೋಟೆಲ್ಲು, ಟ್ಯಾಕ್ಸಿ, ಸಣ್ಣಪುಟ್ಟ ವ್ಯಾಪಾರ ಎಂದು ಆ ಕಡೆಯಿಂದ ಹೋದ ಕುಟುಂಬಗಳು ಲೆಕ್ಕವಿಲ್ಲದಷ್ಟು. 2020ರ ಮೇನಲ್ಲಿ ಕೊರೋನಾ ಹೊತ್ತಿಗೆ ಮುಂಬೈನಿಂದ ವಾಪಸ್ಸು ಬಂದವರ ಕ್ವಾರಂಟೈನಿಗೆ ಶಾಲೆ, ಹಾಸ್ಟೆಲ್ಲು ಹುಡುಕಿದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ಹೋಟೆಲ್ ಇಟ್ಟವರಿಗೆ ‘ಹಫ್ತಾ’ ಎಂಬ ಮಾತಿನ ಅರ್ಥ ವಿವರಿಸಿ ಹೇಳಬೇಕಾಗಿಲ್ಲ. ಹೋಟೆಲ್ ಉದ್ಯಮಿ ಜಯ ಶೆಟ್ಟಿ 2001ರ ಮೇನಲ್ಲಿ ಗುಂಡಿಗೆ ಬಲಿಯಾದರು. ಅದೂ ರಾಜನ್ ಕೂಟದ್ದೇ ಕೆಲಸ ಎಂದು ವಿಶೇಷ ನ್ಯಾಯಾಲಯ ತೀರ್ಪು ಕೊಡುವ ಹೊತ್ತಿಗೆ 2024 ಆಗಿತ್ತು. ಇಂಥವರ ವಿರುದ್ಧ ಬರೆಯುತ್ತಿದ್ದವರು ಡೇ.

2011ರ ಜೂನ್ 11ರ ಮಧ್ಯಾಹ್ನ. ಪೊವಾಯಿಯ ರಸ್ತೆಯಲ್ಲಿ ಡೇ ಮೋಟರ್ ಸೈಕಲ್ಲಿನಲ್ಲಿ ಮನೆ ಕಡೆ ಹೊರಟಿದ್ದರು. ಹಿಂದಿನಿಂದ ಬೈಕುಗಳಲ್ಲಿ ಬಂದವರು ಗುಂಡು ಹಾರಿಸಿದರು. ವಯಸ್ಸು 56. ಮೊದಲ ದಿನಗಳಲ್ಲಿ ಸಂಶಯ ಹರಿದದ್ದು ತೈಲ ಮಾಫಿಯಾದ ಕಡೆಗೆ. ತನಿಖೆ ಮುಂದೆ ಹೋದಂತೆ ರಾಜನ್ ಹೆಸರು ಬಂತು. ತನ್ನ ಕಾಲ ಮುಗಿಯಿತು ಎಂಬ ಅರ್ಥದಲ್ಲಿ ಡೇ ಬರೆದ ವರದಿಗಳು, ಬರೆಯಲು ಹೊರಟಿದ್ದ ಇನ್ನೊಂದು ಪುಸ್ತಕ ರಾಜನ್‌ಗೆ ಸಹಿಸಲಾಗಲಿಲ್ಲ ಎಂಬುದು ಪ್ರಾಸಿಕ್ಯೂಷನ್ ವಾದ. 2018ರ ಮೇ 2ರಂದು ಮುಂಬೈ ವಿಶೇಷ ನ್ಯಾಯಾಲಯ ರಾಜನ್ ಸೇರಿ ಒಂಬತ್ತು ಮಂದಿಗೆ ಜೀವಾವಧಿ ವಿಧಿಸಿತು.

ಈ ಕೇಸಿನ ಇನ್ನೊಂದು ಮುಖ ಅಷ್ಟೇ ಭಯಂಕರ. ಕೊಲೆಯಾದ ಐದು ತಿಂಗಳಿಗೆ ಪೊಲೀಸರು ಜಿಗ್ನಾ ವೋರಾ ಎಂಬ ಮತ್ತೊಬ್ಬ ಕ್ರೈಂ ವರದಿಗಾರ್ತಿಯನ್ನು ಬಂಧಿಸಿದರು. ಡೇ ಅವರ ಬೈಕ್ ನಂಬರನ್ನೂ ವಿಳಾಸವನ್ನೂ ರಾಜನ್‌ಗೆ ಕೊಟ್ಟವರು ಈಕೆಯೇ ಎಂಬ ಆರೋಪ. ರಾಜನ್ ಜತೆ ಫೋನಿನಲ್ಲಿ ಮಾತಾಡಿದ್ದು ನಿಜ. ಸಂದರ್ಶನಕ್ಕಾಗಿ ಮಾತಾಡಿದೆ, ಆ ಸಂದರ್ಶನ ಅಚ್ಚೂ ಆಯಿತು ಎಂದರು ಆಕೆ. ಯಾರು ಕೇಳಬೇಕು? ಸುಮಾರು ಒಂಬತ್ತು ತಿಂಗಳು ಬೈಕುಲಾ ಜೈಲು. ಜತೆಗೆ ಕೆಲಸ ಮಾಡಿದ ಪತ್ರಕರ್ತರೇ ಆಕೆಯ ನಡತೆಯ ಬಗ್ಗೆ ಬರೆದರು. 2018ರಲ್ಲಿ ಅದೇ ನ್ಯಾಯಾಲಯ ಆಕೆಯನ್ನು ಖುಲಾಸೆ ಮಾಡಿತು, 2019ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ವೃತ್ತಿ ಮಣ್ಣುಪಾಲು. ಒಂದೇ ಪ್ರಕರಣ. ಒಬ್ಬ ವರದಿಗಾರನನ್ನು ಪಾತಕಿ ಮುಗಿಸಿದ, ಒಬ್ಬ ವರದಿಗಾರ್ತಿಯನ್ನು ಠಾಣೆ ಮುಗಿಸಿತು. ಇಬ್ಬರೂ ಮಾಡುತ್ತಿದ್ದದ್ದು ಒಂದೇ ಕೆಲಸ: ಬಾಯಿಮಾತಿನ ಮೂಲ ಹುಡುಕಿಕೊಂಡು ಹೋಗುವುದು.

ಕನ್ನಡದ ಕಡೆ ತಿರುಗೋಣ. ಇಲ್ಲಿ ಅಪರಾಧ ವರದಿಯನ್ನು ಹಳ್ಳಿ ಹಳ್ಳಿಗೆ ಓದಿಸಿದವರು ರವಿ ಬೆಳಗೆರೆ. ಹುಟ್ಟಿದ್ದು ಬಳ್ಳಾರಿಯಲ್ಲಿ, 1958ರಲ್ಲಿ. ಇತಿಹಾಸದ ಮೇಷ್ಟರಾಗಿದ್ದವರು ಆ ಕೆಲಸ ಬಿಟ್ಟು, ಹಲವು ಪತ್ರಿಕೆ ಸುತ್ತಿ, 1995ರಲ್ಲಿ ‘ಹಾಯ್ ಬೆಂಗಳೂರು’ ಶುರು ಮಾಡಿದರು. ಅದಕ್ಕೂ ಹದಿನೈದು ವರ್ಷ ಮುಂಚೆ, 1980ರಲ್ಲಿ, ಜಾಹೀರಾತು ಬೇಡವೆಂದು ಹೊರಟ ‘ಲಂಕೇಶ್ ಪತ್ರಿಕೆ’ ಕನ್ನಡದ ಓದುಗನಿಗೆ ಟ್ಯಾಬ್ಲಾಯ್ಡಿನ ರುಚಿ ಹತ್ತಿಸಿತ್ತು. ಲಂಕೇಶರು ಮಂತ್ರಿಗಳ ಬೆನ್ನು ಹತ್ತಿದರೆ ಬೆಳಗೆರೆ ರೌಡಿಗಳ ಬೆನ್ನು ಹತ್ತಿದರು. ಬೆಂಗಳೂರು ಭೂಗತದ ಮೇಲೆ ‘ಪಾಪಿಗಳ ಲೋಕದಲ್ಲಿ’, ವಿಜಾಪುರ ಕಡೆಯ ರಕ್ತಪಾತದ ಮೇಲೆ ‘ಭೀಮಾ ತೀರದ ಹಂತಕರು’. ಈಟಿವಿಯಲ್ಲಿ ‘ಕ್ರೈಂ ಡೈರಿ’ ಬರುವ ಹೊತ್ತಿಗೆ ಅವರ ದನಿ ಕೇಳದ ಊರಿರಲಿಲ್ಲ.

ಅವರ ದೊಡ್ಡಗುಣ ಯಾವುದು? ಹೋಗುತ್ತಿದ್ದರು. ಕೂತಲ್ಲಿ ಬರೆಯುತ್ತಿರಲಿಲ್ಲ. 1999ರಲ್ಲಿ ಕಾರ್ಗಿಲ್‌ಗೆ ಹೋದರು, ಆಮೇಲೆ ಅಫ್ಘಾನಿಸ್ತಾನಕ್ಕೆ ಹೋದರು. ಕೊಲೆಯಾದ ಊರಿಗೆ ಹೋಗಿ ಅಲ್ಲಿನ ಜಗುಲಿಯ ಮೇಲೆ ಕೂತು ಬಂದವನ ಬರವಣಿಗೆಯಲ್ಲಿ ಇರುವ ಮಣ್ಣಿನ ವಾಸನೆ ಪ್ರೆಸ್ ನೋಟಿನಲ್ಲಿ ಎಲ್ಲಿಂದ ಬರಬೇಕು? ಅವರ ತೊಡಕು ಕೂಡ ಅಲ್ಲೇ ಶುರುವಾಯಿತು. ಸುದ್ದಿಗಿಂತ ಸುದ್ದಿ ತಂದವನು ದೊಡ್ಡವನಾದ. ಓದುಗ ಕೊಲೆಗಾರನ ಕಥೆ ಓದುತ್ತಿದ್ದಾನೋ, ಬೆಳಗೆರೆಯ ಕಥೆ ಓದುತ್ತಿದ್ದಾನೋ ಎಂಬುದೇ ತಿಳಿಯದಂತಾಯಿತು. ಪೊಲೀಸರೂ ಗೆಳೆಯರು, ಪೊಲೀಸರಿಗೆ ಬೇಕಾದವರೂ ಪರಿಚಿತರು. 2017ರ ಜೂನ್‌ನಲ್ಲಿ ಶಾಸಕರ ಹಕ್ಕುಚ್ಯುತಿಯ ಹೆಸರಿನಲ್ಲಿ ಅವರಿಗೆ ಹಾಗೂ ಯಲಹಂಕದ ಇನ್ನೊಬ್ಬ ಸಂಪಾದಕರಿಗೆ ಒಂದು ವರ್ಷ ಜೈಲು, ಹತ್ತು ಸಾವಿರ ದಂಡ ಎಂದು ವಿಧಾನಸಭೆ ಘೋಷಿಸಿತು. ತಮ್ಮ ಮೇಲಿನ ಬರಹಕ್ಕೆ ತಾವೇ ಫಿರ್ಯಾದಿ, ತಾವೇ ನ್ಯಾಯಾಧೀಶ! ಅದು ತಪ್ಪೆಂದು ಬೆಳಗೆರೆಯನ್ನು ಕಂಡರಾಗದವರೂ ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಹೋದ್ಯೋಗಿಯೊಬ್ಬರ ಕೊಲೆಗೆ ಸುಪಾರಿ ಕೊಟ್ಟ ಆರೋಪದ ಮೇಲೆ ಸಿ.ಸಿ.ಬಿ. ಪೊಲೀಸರು ಅವರನ್ನು ಬಂಧಿಸಿದರು. ಆರೋಪವನ್ನು ಅವರು ಅಲ್ಲಗಳೆದರು, ಜಾಮೀನೂ ಸಿಕ್ಕಿತು. 2020ರ ನವೆಂಬರ್ 13ರಂದು ತೀರಿಕೊಂಡರು. ಕಾಲು ಶತಮಾನ ಕ್ರೈಂ ಬರೆದವನ ಹೆಸರು ಕೊನೆಗೆ ಕ್ರೈಂ ಕಾಲಮ್ಮಿನಲ್ಲೇ ಬಂದದ್ದು ನೋಡಿ ಖುಷಿಪಟ್ಟವರು ಬಹಳ ಮಂದಿ. ಹಾಗೆ ಖುಷಿಪಡುವಂಥದ್ದು ಅದರಲ್ಲೇನೂ ಇರಲಿಲ್ಲ.

ಈ ಊರಿನಲ್ಲಿ ರೌಡಿಗೂ ಪತ್ರಿಕೆಗೂ ನೆಂಟಸ್ತನ ಹೊಸದೇನಲ್ಲ. 1989ರಲ್ಲಿ ಕೊಲೆಯಾದ ಎಂ.ಪಿ. ಜಯರಾಜನೇ ‘ಗರೀಬಿ ಹಟಾವೋ’ ಎಂಬ ಪತ್ರಿಕೆ ನಡೆಸಿದವನು. ಆ ಲೋಕದಿಂದ ಹೊರಬಂದ ಅಗ್ನಿ ಶ್ರೀಧರ್ ‘ಅಗ್ನಿ’ ವಾರಪತ್ರಿಕೆ ಮಾಡಿ, ‘ದಾದಾಗಿರಿಯ ದಿನಗಳು’ ಬರೆದು ಲೇಖಕರೆಂದು ಹೆಸರು ಮಾಡಿದರು. ಅದು ಅವರ ಕಥೆ, ಅವರೇ ಹೇಳಿಕೊಂಡದ್ದು, ಓದಬೇಕಾದದ್ದೇ. ಆದರೆ ಇದರ ಕೆಳಗೆ ಇನ್ನೊಂದು ಮರಿಜಾತಿ ಹುಟ್ಟಿಕೊಂಡಿತು. ನಾಲ್ಕು ಪುಟ ಅಚ್ಚು ಹಾಕಿಸಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ರಿಜಿಸ್ಟ್ರಾರ್ ಕಚೇರಿಯಿಂದ ಹಿಡಿದು ಕಲ್ಲುಕೋರೆಯವರೆಗೆ ಸುತ್ತು ಹಾಕುವವರು. ಜನ ಇಟ್ಟ ಹೆಸರು ‘ರೋಲ್‌ಕಾಲ್ ಪತ್ರಕರ್ತರು’. ಇವರ ಪತ್ರಿಕೆಯಲ್ಲಿ ಬರುವುದಕ್ಕಿಂತ ಬರದೇ ಇರುವುದಕ್ಕೆ ಬೆಲೆ ಹೆಚ್ಚು. ನಿಜವಾಗಿ ಕೆಲಸ ಮಾಡುವ ವರದಿಗಾರ ಕಾಗದ ಕೇಳಲು ಹೋದರೂ ಗುಮಾಸ್ತ ಮೇಲಿಂದ ಕೆಳಗೆ ನೋಡುತ್ತಾನೆಂದರೆ ಅದು ಇವರ ಪುಣ್ಯ.

ಗೌರಿ ಲಂಕೇಶ್ ಅಪರಾಧ ವರದಿಗಾರ್ತಿಯಲ್ಲ, ಆದರೆ ಅವರ ಕೊಲೆ ಈ ಮಾತಿನಿಂದ ಹೊರಗಲ್ಲ. 2008ರ ಒಂದು ಲೇಖನಕ್ಕೆ 2016ರಲ್ಲಿ ಹುಬ್ಬಳ್ಳಿ ನ್ಯಾಯಾಲಯ ಮಾನನಷ್ಟದ ಕೇಸಿನಲ್ಲಿ ಆರು ತಿಂಗಳ ಶಿಕ್ಷೆ ಕೊಟ್ಟಿತ್ತು. ಕಾಗದ ಇಟ್ಟುಕೊಳ್ಳದೆ ಬರೆದರೆ ಕೋರ್ಟಿನಲ್ಲಿ ನಿಲ್ಲುವುದು ಎಷ್ಟು ಕಷ್ಟ ಎಂಬುದಕ್ಕೆ ಆ ಕೇಸು ಸಾಕ್ಷಿ. 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆ ಬಾಗಿಲಲ್ಲಿ ಅವರು ಗುಂಡಿಗೆ ಬಿದ್ದರು. ವಿಶೇಷ ತನಿಖಾ ತಂಡ ಮೊದಲು ಬಂಧಿಸಿದ ಆರೋಪಿ ಎಲ್ಲಿಯವನು ಗೊತ್ತೇ? ನಮ್ಮ ಮದ್ದೂರಿನವನು. ವಿಚಾರಣೆ ನ್ಯಾಯಾಲಯದ ಮುಂದಿದೆ, ತೀರ್ಪು ಕೊಡುವವರು ಅವರು. ಇಷ್ಟು ಮಾತ್ರ ಹೇಳಬಹುದು: ಛೋಟಾ ರಾಜನ್ ಪಾಸ್‌ಪೋರ್ಟಾಗಲಿ, ಗೌರಿ ಕೇಸಿನ ಮೊದಲ ಬಂಧನವಾಗಲಿ, ಮಂಡ್ಯ ಜಿಲ್ಲೆಯ ಹೆಸರು ಮಂಡ್ಯದವರ ಕಿವಿಗೆ ಬಿದ್ದದ್ದು ಹೊರಗಿನವರಿಂದ.

ಶ್ರೀರಂಗಪಟ್ಟಣದವರಿಗೆ ಗುಪ್ತಚರ್ಯೆಯ ಪಾಠ ಹೇಳುವ ಅಗತ್ಯವಿಲ್ಲ. 1799ರ ಮೇ 4ರಂದು ಕೋಟೆ ಬಿದ್ದದ್ದು ಹೇಗೆ, ಮೀರ್ ಸಾದಿಕ್ ಏನು ಮಾಡಿದ ಎಂದು ಅಲ್ಲಿನ ಗೈಡುಗಳು ದಿನಾ ನಾಲ್ಕು ಭಾಷೆಯಲ್ಲಿ ಹೇಳುತ್ತಾರೆ. ಆ ಕಾಲದಲ್ಲಿ ಹರಿಕಾರನೆಂಬವನಿದ್ದ. ಓಲೆ ಒಯ್ಯುವವನೂ ಅವನೇ, ಸುದ್ದಿ ತರುವವನೂ ಅವನೇ, ಬೇಹು ನೋಡುವವನೂ ಅವನೇ. ಇವತ್ತು ಈ ಕೆಲಸಗಳು ಬೇರೆ ಬೇರೆಯಾಗಿವೆ ಎಂದು ಕಾನೂನು ಹೇಳುತ್ತದೆ. ತಾಲ್ಲೂಕು ಮಟ್ಟದಲ್ಲಿ ಬೇರೆಯಾಗಿಲ್ಲ. ಊರಿನಲ್ಲಿ ಏನಾಗುತ್ತಿದೆ ಎಂದು ಗುಪ್ತವಾರ್ತೆಯವರು ವರದಿಗಾರನನ್ನು ಕೇಳುತ್ತಾರೆ, ಠಾಣೆಯಲ್ಲಿ ಏನಾಗುತ್ತಿದೆ ಎಂದು ವರದಿಗಾರ ಅವರನ್ನು ಕೇಳುತ್ತಾನೆ. ಇಬ್ಬರೂ ಒಂದೇ ಹೋಟೆಲಿನಲ್ಲಿ ಬೈಟು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಊರಿಗೆ ಏನೂ ಗೊತ್ತಾಗುವುದಿಲ್ಲ.

ಉದಾಹರಣೆಗೆ ನಾಗಮಂಗಲ. 2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶನ ಮೆರವಣಿಗೆ ಮೈಸೂರು ರಸ್ತೆಯ ದರ್ಗಾ ಬಳಿ ಬಂದಾಗ ಗಲಾಟೆ ಎದ್ದಿತು. ಕಲ್ಲು ಬಿತ್ತು, ಅಂಗಡಿಗಳಿಗೆ ಬೆಂಕಿ ಬಿತ್ತು. ನಾಲ್ಕು ಕಾಸು ಕೂಡಿಸಿ ಅಂಗಡಿ ಇಟ್ಟವರು ಎರಡೂ ಕಡೆಯಲ್ಲಿ ಬೂದಿ ಕೆದಕುತ್ತ ನಿಂತರು. ಐವತ್ತಕ್ಕೂ ಹೆಚ್ಚು ಜನ ಒಳಗೆ ಹೋದರು. ಠಾಣೆಯ ಇನ್ಸ್‌ಪೆಕ್ಟರ್ ಅಮಾನತಾದರು. ‘ಗುಪ್ತಚರ ವೈಫಲ್ಯ’ ಎಂದು ವಿರೋಧ ಪಕ್ಷ ಕೂಗಿತು, ಆಕಸ್ಮಿಕ ಎಂಬ ಅರ್ಥದ ಮಾತು ಗೃಹ ಸಚಿವರಿಂದ ಬಂತು. ಅದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 2022ರ ಜೂನ್ 4ರಂದು ‘ಚಲೋ’ ಕರೆ ಬಂದಾಗ ಮೊದಲೇ ನಿಷೇಧಾಜ್ಞೆ ಹಾಕಿ, ಊರ ತುಂಬ ಪೊಲೀಸರನ್ನಿಟ್ಟು ದಿನ ಕಳೆಯಲಿಲ್ಲವೇ? ಅಲ್ಲಿ ಆದದ್ದು ಇಲ್ಲಿ ಯಾಕಾಗಲಿಲ್ಲ? ಮೆರವಣಿಗೆಯ ದಾರಿಗೆ ಯಾರು ಅನುಮತಿ ಕೊಟ್ಟರು, ಎಷ್ಟು ಪೊಲೀಸರನ್ನು ಹಾಕಲಾಗಿತ್ತು, ಮುನ್ಸೂಚನೆಯ ವರದಿ ಮೇಲಕ್ಕೆ ಹೋಗಿತ್ತೇ? ಇವೆಲ್ಲ ಕಾಗದದ ಪ್ರಶ್ನೆಗಳು. ಬೆಂಕಿಯ ವಿಡಿಯೋ ಸಾವಿರ ಜನ ಹಂಚಿದರು. ಕಾಗದ ಕೇಳಿದವರು ಎಷ್ಟು ಮಂದಿ?

ಪಾಂಡವಪುರಕ್ಕೆ ಬನ್ನಿ. 2022ರ ಜೂನ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬೇಬಿ ಬಳಿಯ ನಾಲೆಯಲ್ಲಿ ಒಂದು, ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಬಳಿ ಇನ್ನೊಂದು, ಎರಡು ಹೆಂಗಸರ ಅರ್ಧರ್ಧ ದೇಹಗಳು ಸಿಕ್ಕವು. ಸತ್ತವರು ಯಾರೆಂದೇ ವಾರಗಟ್ಟಲೆ ತಿಳಿಯಲಿಲ್ಲ. ಆ ಪ್ರಕರಣವನ್ನು ಭೇದಿಸಿದ್ದು ಜಿಲ್ಲೆಯ ಪೊಲೀಸರೇ. ಕಾಣೆಯಾದವರ ದೂರುಗಳನ್ನು ಬೇರೆ ಬೇರೆ ಜಿಲ್ಲೆಗಳಿಂದ ತರಿಸಿ, ಒಂದೊಂದಾಗಿ ತಾಳೆ ಹಾಕಿ ಹಿಡಿದರು. ಹೊಗಳಬೇಕಾದದ್ದನ್ನು ಹೊಗಳಲೇಬೇಕು. ಅಲ್ಲಿ ನಡೆದದ್ದು ಬಾತ್ಮಿಯ ಮ್ಯಾಜಿಕ್ಕಲ್ಲ, ಕಡತ ತಿರುವುವ ಕೂಲಿ ಕೆಲಸ.

ಆದರೆ ಹೆಣ್ಣು ಭ್ರೂಣದ ಕೇಸು? 2023ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಅನುಮಾನದ ಮೇಲೆ ಒಂದು ಕಾರು ತಡೆದರು. ಅದರ ದಾರ ಹಿಡಿದು ಬಂದರೆ ಸಿಕ್ಕದ್ದು ಮಂಡ್ಯ ತಾಲ್ಲೂಕಿನ ಒಂದು ಆಲೆಮನೆ! ಬೆಲ್ಲ ಬೇಯಬೇಕಾದ ಕಡೆ ಸ್ಕ್ಯಾನಿಂಗ್ ಯಂತ್ರ. ಗಂಡೋ ಹೆಣ್ಣೋ ಅಲ್ಲಿ ತಿಳಿಸುವುದು, ಹೆಣ್ಣಾದರೆ ಮೈಸೂರಿನಲ್ಲಿ ಮುಗಿಸುವುದು. ಸುಮಾರು 900 ಎಂದು ಆಗ ಪೊಲೀಸರ ಬಾಯಿಂದ ಬಂದ ಲೆಕ್ಕ. ಸಿ.ಐ.ಡಿ.ಗೆ ಕೇಸು ಹೋಯಿತು, ವಿಧಾನಸಭೆಯಲ್ಲಿ ಗದ್ದಲವಾಯಿತು, ಮಂತ್ರಿಗಳು ಬಂದು ನೋಡಿದರು. ಇನ್ನೇನು ನಿಂತಿತು ಎಂದುಕೊಳ್ಳುವಷ್ಟರಲ್ಲಿ, 2024ರ ಮೇನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಗರ್ಭಪಾತ ಮಾಡುತ್ತಿದ್ದವರು ಸಿಕ್ಕಿಬಿದ್ದರು. ಸರ್ಕಾರಿ ಕ್ವಾರ್ಟರ್ಸ್, ಸರ್ಕಾರಿ ಗೋಡೆ, ಸರ್ಕಾರಿ ಕರೆಂಟು!

ಆಲೆಮನೆ ಕಾಡಿನಲ್ಲಿರಲಿಲ್ಲ. ಗರ್ಭಿಣಿಯರನ್ನು ತುಂಬಿಕೊಂಡ ಕಾರುಗಳು ಹಗಲು ಹೊತ್ತಿನಲ್ಲೇ ಗದ್ದೆ ಬದಿಯ ರಸ್ತೆಯಲ್ಲಿ ಬಂದು ಹೋಗಿರಬೇಕು. ಸುತ್ತಲ ಊರಿನವರಿಗೆ ಸುಳಿವೇ ಇರಲಿಲ್ಲವೇ? ‘ಯಾರ್‌ಗೆ ಬೇಕಾಗಿತ್ತು ಬುಡಿ ಸ್ವಾಮಿ, ಅವ್ರ್ ಪಾಡು ಅವ್ರ್‌ಗೆ’ ಎಂಬ ಉತ್ತರ ಬರುತ್ತದೆ. ಊರಿನವರಿಗೆ ಹಾಗನ್ನುವ ಹಕ್ಕಿದೆ. ವರದಿಗಾರನಿಗೆ ಇಲ್ಲ.

ಹಾಗಂತ ಎಲ್ಲ ಹೊರೆಯನ್ನೂ ವರದಿಗಾರನ ತಲೆಗೆ ಕಟ್ಟುವುದು ನ್ಯಾಯವೇ? ತಾಲ್ಲೂಕು ವರದಿಗಾರನ ಪಾಡು ಯಾವ ಓದುಗನಿಗೂ ಗೊತ್ತಿಲ್ಲ. ಸಂಬಳವೆಂಬುದು ಅನೇಕರಿಗೆ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ತಂದ ಜಾಹೀರಾತಿಗೆ ಇಷ್ಟು ಕಮಿಷನ್. ಯುಗಾದಿಗೆ, ದಸರಾಕ್ಕೆ, ರಾಜ್ಯೋತ್ಸವಕ್ಕೆ ವಿಶೇಷ ಪುರವಣಿ. ಶುಭ ಕೋರುವವರು ಯಾರು? ಕಂಟ್ರಾಕ್ಟರು, ನರ್ಸಿಂಗ್ ಹೋಮು, ಲೇಔಟು ಮಾಡಿದವರು, ಕ್ರಷರ್ ಮಾಲೀಕರು. ಹಬ್ಬಕ್ಕೆ ಅವರ ಮನೆ ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ನಿಂತವನು ಹಬ್ಬ ಕಳೆದ ಮೇಲೆ ಅದೇ ಬಾಗಿಲಿಗೆ ಪ್ರಶ್ನೆ ಹಿಡಿದು ಹೋಗಬೇಕು. ಕಾಲು ಏಳುತ್ತದೆಯೇ? ಬೆಳಗ್ಗೆ ಠಾಣೆ, ಮಧ್ಯಾಹ್ನ ತಾಲ್ಲೂಕು ಕಚೇರಿ, ಸಂಜೆಯೊಳಗೆ ವಾಟ್ಸಾಪಿನಲ್ಲಿ ಬಂದ ಪ್ರೆಸ್ ನೋಟಿಗೆ ತಲೆಬರಹ ಹಾಕಿ ಕಳಿಸುವುದು. ಆರೋಪಿಗಳನ್ನು ಸಾಲಾಗಿ ಕೂರಿಸಿ, ಹಿಂದೆ ಖಾಕಿಗಳು ನಿಂತ ಫೋಟೋ. ಅದಕ್ಕೆ ‘ಭರ್ಜರಿ ಬೇಟೆ’ ಎಂಬ ಹೆಡ್ಡಿಂಗು. ಆ ಕೇಸು ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ ಬಿದ್ದುಹೋದರೆ ಅದು ಯಾರಿಗೂ ಸುದ್ದಿಯಲ್ಲ.

ಕಲ್ಲಿನ ವಿಷಯವನ್ನೇ ತೆಗೆದುಕೊಳ್ಳಿ. ಬೇಬಿ ಬೆಟ್ಟದ ಸ್ಫೋಟದಿಂದ ಕೆ.ಆರ್.ಎಸ್. ಕಟ್ಟೆಗೆ ಅಪಾಯವೋ ಅಲ್ಲವೋ ಎಂದು ವರ್ಷಗಟ್ಟಲೆ ಕೂಗಾಟ ನಡೆಯಿತು. 2021ರಲ್ಲಿ ಸಂಸದೆ ಒಂದು ಕಡೆ, ಮಾಜಿ ಮುಖ್ಯಮಂತ್ರಿ ಇನ್ನೊಂದು ಕಡೆ ನಿಂತು ಬೈದಾಡಿದ್ದೇ ತಿಂಗಳುಗಟ್ಟಲೆ ಸುದ್ದಿಯಾಯಿತು. ಈ ಗದ್ದಲದಲ್ಲಿ ಗಟ್ಟಿಯಾಗಿ ನಿಂತದ್ದು ಒಂದು ಯಂತ್ರದ ದಾಖಲೆ. 2018ರ ಸೆಪ್ಟೆಂಬರಿನಲ್ಲಿ ಕೇಳಿದ ಭಾರಿ ಸದ್ದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೆ.ಆರ್.ಎಸ್. ಬಳಿ ದಾಖಲಿಸಿ, ಕಲ್ಲುಗಣಿ ಸ್ಫೋಟದ್ದಿರಬಹುದೆಂದು ವರದಿ ಕೊಟ್ಟಿತ್ತು. 2024ರ ಜನವರಿಯಲ್ಲಿ ಅಣೆಕಟ್ಟೆಯ 20 ಕಿಲೋಮೀಟರ್ ಸುತ್ತ ಗಣಿ ನಿಲ್ಲಿಸಿ, ಸುರಕ್ಷತೆಯ ಅಧ್ಯಯನ ಮುಗಿಯಲಿ ಎಂದು ಹೈಕೋರ್ಟು ಹೇಳಿತು. ನಾಯಕರ ಬೈಗುಳಕ್ಕೆ ಕೊಟ್ಟ ಜಾಗದಲ್ಲಿ ಕಾಲು ಭಾಗವನ್ನು ಆ ದಾಖಲೆಗೆ ಕೊಟ್ಟಿದ್ದರೆ ಓದುಗನಿಗೆ ಎಷ್ಟೋ ತಿಳಿಯುತ್ತಿತ್ತು.

ಡೇ ಅವರ ವೃತ್ತಿಯನ್ನು ಹತ್ತಿರದಿಂದ ನೋಡಿದರೆ ಕಾಣುವುದೂ ಇದೇ. ಅವರಿಗೆ ಖಬ್ರಿಗಳ ಲೋಕ ಅಂಗೈ ನೆಲ್ಲಿಕಾಯಿ. ಅದೇ ಅವರ ಬಲ, ಅದೇ ಅವರನ್ನು ಬಯಲಿಗೆ ತಂದು ನಿಲ್ಲಿಸಿದ್ದು. ಬಾಯಿಮಾತಿನ ಮೂಲ ಇಟ್ಟುಕೊಂಡವನು ಆ ಬಾಯಿಗೆ ಋಣಿ. ಇವತ್ತು ಸುದ್ದಿ ಕೊಟ್ಟ ಪೊಲೀಸ್ ಅಧಿಕಾರಿ ನಾಳೆ ತನ್ನ ಲಾಕಪ್ಪಿನಲ್ಲಿ ನಡೆದದ್ದನ್ನು ಬರೆಯಬೇಡವೆನ್ನುತ್ತಾನೆ. ಇವತ್ತು ಎದುರಾಳಿಯ ಗುಟ್ಟು ಹೇಳಿದ ರೌಡಿ ನಾಳೆ ತನ್ನ ಹೊಗಳಿಕೆ ಬಯಸುತ್ತಾನೆ. ಪಹಣಿ, ಎಫ್.ಐ.ಆರ್., ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಚಾರ್ಜ್‌ಶೀಟು ಇವು ಯಾವ ಋಣವನ್ನೂ ಕೇಳುವುದಿಲ್ಲ. ಮಾನನಷ್ಟದ ಕೇಸು ಬಿದ್ದಾಗ ಕಟಕಟೆಗೆ ಜತೆಯಲ್ಲಿ ಬರುವವೂ ಇವೇ. ಕಾಫಿ ಕುಡಿಸಿದ ಅಧಿಕಾರಿ ಬರುವುದಿಲ್ಲ.

ಸರ್ಕಾರ ಮಾಡಬೇಕಾದದ್ದು ಹೇಳಿದರೆ ಮುಗಿಯುವುದಿಲ್ಲ, ಎರಡು ಮಾತು ಸಾಕು. ಎಫ್.ಐ.ಆರ್. ದಾಖಲಾದ 24 ಗಂಟೆಯೊಳಗೆ, ಲೈಂಗಿಕ ದೌರ್ಜನ್ಯದಂಥ ಸೂಕ್ಷ್ಮ ಪ್ರಕರಣ ಬಿಟ್ಟು, ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರ್ 7ರಂದೇ ಹೇಳಿದೆ. ಹೀಗಿದ್ದೂ ಎಫ್.ಐ.ಆರ್. ನಂಬರಿಗಾಗಿ ವರದಿಗಾರ ರೈಟರ್ ಮೇಜಿನ ಮುಂದೆ ಹಲ್ಲು ಗಿಂಜಬೇಕಾದರೆ ಅದು ಎಸ್ಪಿ ಸಾಹೇಬರು ಸರಿಪಡಿಸಬೇಕಾದ ವಿಷಯ. ಎರಡನೆಯದು, ಡೇ ಕೊಲೆಯಾದ ಮಹಾರಾಷ್ಟ್ರ 2017ರಲ್ಲಿ ಪತ್ರಕರ್ತರ ಮೇಲಿನ ಹಲ್ಲೆ ತಡೆಗೆಂದೇ ಒಂದು ಕಾಯ್ದೆ ಮಾಡಿತು. ಗೌರಿಯನ್ನು ಕಳೆದುಕೊಂಡ ರಾಜ್ಯಕ್ಕೂ ಅಂಥದ್ದೊಂದು ಬೇಕು. ಆದರೆ ಕಾಯ್ದೆ ಬಂದರೆ ಮೊದಲು ಅದರ ನೆರಳಿಗೆ ಓಡಿಬರುವವರು ರೋಲ್‌ಕಾಲ್ ಮಂದಿಯೇ. ಯಾರು ಪತ್ರಕರ್ತ ಎಂಬುದನ್ನು ಗುರುತಿನ ಚೀಟಿ ನೋಡಿ ತೀರ್ಮಾನಿಸದೆ, ಅವನು ಬರೆದದ್ದನ್ನು ನೋಡಿ ತೀರ್ಮಾನಿಸುವ ದಾರಿ ಮೊದಲು ಹುಡುಕಬೇಕು.

ಪತ್ರಿಕೆಯ ಮಾಲೀಕರೂ ಕೈ ತೊಳೆದುಕೊಳ್ಳುವಂತಿಲ್ಲ. ಕ್ರೈಂ ಬರೆಯುವ ಹುಡುಗನಿಂದ ಜಾಹೀರಾತು ತರಿಸುವುದನ್ನು ಬಿಡಲಿ. ಅವನಿಗೊಂದು ತಿಂಗಳ ಸಂಬಳ, ಪೆಟ್ರೋಲ್ ಖರ್ಚು, ಕೇಸು ಬಿದ್ದರೆ ಒಬ್ಬ ವಕೀಲ, ಇಷ್ಟು ಕೊಡಲಿ. ಕೊಡಲಾಗದಿದ್ದರೆ ‘ನಿರ್ಭೀತ’ ಎಂಬ ಪದವನ್ನು ಮುಖಪುಟದಿಂದ ತೆಗೆಯಲಿ.

ಇನ್ನು ವರದಿಗಾರರು ನಾಳೆ ಬೆಳಗ್ಗೆಯೇ ಮಾಡಬಹುದಾದ ಒಂದು ಕೆಲಸವಿದೆ. ಗರ್ಭದಲ್ಲಿನ ಮಗುವಿನ ಲಿಂಗ ಪತ್ತೆ ನಿಷೇಧಿಸಿದ ಕಾಯ್ದೆ 1994ರದ್ದು. ಅದರ ಪ್ರಕಾರ ನೋಂದಣಿಯಿಲ್ಲದೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಳ್ಳುವಂತಿಲ್ಲ. ಸ್ಕ್ಯಾನ್ ಮಾಡಿದ ಪ್ರತಿ ಗರ್ಭಿಣಿಗೂ ‘ಎಫ್’ ನಮೂನೆ ತುಂಬಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಲ್ಲಿ ನೋಂದಣಿಯಾದ ಯಂತ್ರಗಳು ಎಷ್ಟು, ಯಾರ ಹೆಸರಿನಲ್ಲಿವೆ, ಕಳೆದ ಎರಡು ವರ್ಷದಲ್ಲಿ ಯಾವ ಯಾವ ತಾರೀಖಿನಂದು ಯಾರು ತಪಾಸಣೆಗೆ ಹೋಗಿದ್ದರು, ನಮೂನೆಗಳ ಲೆಕ್ಕ ತಾಳೆಯಾಯಿತೇ? ಇವೆಲ್ಲ ಜಿಲ್ಲಾಡಳಿತದ ಬಳಿ ಇರಲೇಬೇಕಾದ ಕಾಗದ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು ಎಂದು ಕರ್ನಾಟಕದ ನಿಯಮ. ನಾಲ್ಕು ತಾಲ್ಲೂಕಿನ ವರದಿಗಾರರು ನಾಲ್ಕು ಅರ್ಜಿ ಹಾಕಲಿ. ಬಂದ ಉತ್ತರವನ್ನೂ, ಬಾರದ ಉತ್ತರವನ್ನೂ ಅಚ್ಚು ಹಾಕಲಿ.